ಕರಿ ಬಿಲ್ಲೆಯೊಳಗಿನ ನೇರಳೆ

ಚಿನ್ನ ಹಳದಿ ಎಂದು ಎಲ್ಲರೂ ತಿಳಿದಿದ್ದಾರೆ. ಅದು ಕಣ್ಣಿಗೆ ಕಾಣುವ ಚಿನ್ನದ ಮಾತು. ಅದನ್ನೇ ಒಡೆಯುತ್ತ ಹೋಗಿ, ತಲೆಗೂದಲಿನ ದಪ್ಪದ ನಾಲ್ಕು ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಣ ಮಾಡಿ ನೀರಿನಲ್ಲಿ ತೇಲಿಬಿಟ್ಟರೆ, ನೀರು ಕುಂಕುಮ ಕಲಸಿದ ಹಾಗೆ ಕೆಂಪಗಾಗುತ್ತದೆ. ಕಣಗಳು ಒಂದಕ್ಕೊಂದು ದೂರ ಇರುವವರೆಗೆ ಕೆಂಪು. ಯಾವುದಾದರೂ ಅವನ್ನು ಎಳೆದು ಒಟ್ಟುಗೂಡಿಸಿತೋ, ನೇರಳೆ. ಮಾಯಮಂತ್ರ ಏನೂ ಇಲ್ಲ. ಹತ್ತಿರ ಬಂದ ಕಣಗಳು ಬೆಳಕನ್ನು ಬೇರೆ ರೀತಿ ಹೀರಿಕೊಳ್ಳುತ್ತವೆ, ಅಷ್ಟೆ.

ನನ್ನ ಹೆಸರು ಅನಸೂಯಾ ಕುಲಗೋಡ. ಧಾರವಾಡದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಈ ಕೆಂಪು-ನೇರಳೆಯ ಬೆನ್ನು ಹತ್ತಿದ್ದೆ. ಚಿನ್ನದ ಕಣಗಳ ಮೈಗೆ ಒಂದು ಬಗೆಯ ಪ್ರತಿಕಾಯವನ್ನು ಅಂಟಿಸುತ್ತಿದ್ದೆವು. ಅದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ಕಂಡರೆ ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಒಂದೊಂದು ಬ್ಯಾಕ್ಟೀರಿಯಾದ ಸುತ್ತ ಸಾವಿರಾರು ಕಣ ಮುತ್ತಿಕೊಂಡಾಗ ಬಣ್ಣ ತಿರುಗುತ್ತದೆ. ಸಾಲ್ಮೊನೆಲ್ಲಾ ಸೇರಿದ ಸಾರು ಹಳಸುವುದಿಲ್ಲ, ನಾರುವುದಿಲ್ಲ, ರುಚಿ ಕೆಡುವುದಿಲ್ಲ. ಮೂಗಿಗೂ ನಾಲಗೆಗೂ ಸಿಗದ ಈ ಕಳ್ಳ ಅಡುಗೆಮನೆಯಲ್ಲೇ, ಹತ್ತು ನಿಮಿಷದಲ್ಲಿ, ಕಣ್ಣಿಗೆ ಸಿಗಬೇಕು ಎನ್ನುವುದು ನನ್ನ ಹಟವಾಗಿತ್ತು. ಕೊನೆಗೆ ಬೆರಳಗಲದ ಒಂದು ಕಾಗದದ ಪಟ್ಟಿ ತಯಾರಾಯಿತು. ತುದಿಗೆ ಒಂದು ಚಮಚ ಸಾರು ಬಿಡಬೇಕು. ಅಷ್ಟರಲ್ಲಿ ನೂರು ಬ್ಯಾಕ್ಟೀರಿಯಾ ಇದ್ದರೂ ನಡುವಿನ ಕೆಂಪು ಗೆರೆ ನೇರಳೆಯಾಗುತ್ತಿತ್ತು.

ಅದನ್ನು ಮೊದಲು ಪರೀಕ್ಷೆಗೆ ಒಯ್ದದ್ದು ಸಿದ್ದನಕೊಪ್ಪದ ಹೆಣ್ಣುಮಕ್ಕಳ ಹಾಸ್ಟೆಲಿಗೆ. ನೂರಾ ಹತ್ತು ಹುಡುಗಿಯರು, ಅವರಿಗೆ ಅಡುಗೆ ಮಾಡುತ್ತಿದ್ದವಳು ಫಕೀರವ್ವ ತಳವಾರ. ಐವತ್ತು ದಾಟಿದ, ತೋಳಿನ ತುಂಬ ಎಣ್ಣೆ ಸಿಡಿದ ಕಲೆಗಳಿದ್ದ ಹೆಂಗಸು. ನಾನು ಪ್ರತಿಕಾಯ, ನ್ಯಾನೋ ಕಣ ಎಂದು ಶುರುಮಾಡಿದ್ದೆ. ಆಕೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅರ್ಧಕ್ಕೇ ತಡೆದಳು.

“ಅಕ್ಕಾರ, ಅಷ್ಟೆಲ್ಲಾ ಬ್ಯಾಡ. ಕುಂಕುಮ ಇದ್ರ ಊಟ, ನೇರಳಿ ಇದ್ರ ತಿಪ್ಪಿ. ಹೌದಲ್ಲ?”

“ಹೌದು,” ಎಂದೆ.

ಮೂರು ತಿಂಗಳಲ್ಲಿ ನನ್ನ ಪ್ರಯೋಗಾಲಯದ ನಾಲ್ಕೂ ಜನ ಮಾಡದ ಕೆಲಸವನ್ನು ಆಕೆ ಮಾಡಿದಳು. ಪಲ್ಯ ನೇರಳೆ ತೋರಿಸಿದ ದಿನ ಪಲ್ಯವನ್ನು ಚೆಲ್ಲಿ ಸುಮ್ಮನಾಗಲಿಲ್ಲ. ಸೌಟು, ಈಳಿಗೆ, ಬೋಗುಣಿ ಎಲ್ಲವನ್ನೂ ತೊಳೆದ ನೀರನ್ನು ಒಂದೊಂದಾಗಿ ಪಟ್ಟಿಗೆ ಬಿಟ್ಟು ನೋಡಿದಳು. ಕಳ್ಳ ಸಿಕ್ಕಿದ್ದು ತಾಟು ಒರೆಸುವ ಬಟ್ಟೆಯಲ್ಲಿ. ಅಂದಿನಿಂದ ಆ ಬಟ್ಟೆ ದಿನವೂ ಕುದಿಯುವ ನೀರಿಗೆ ಬೀಳುತ್ತಿತ್ತು. ಆ ವರ್ಷ ಮಳೆಗಾಲದಲ್ಲಿ ಆ ಹಾಸ್ಟೆಲಿನ ಒಬ್ಬ ಹುಡುಗಿಯೂ ವಾಂತಿಭೇದಿಯಿಂದ ಮಲಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು ಎಂದು ವಾರ್ಡನ್ ಇಂದುಮತಿ ಮೇಡಂ ನನಗೆ ಫೋನು ಮಾಡಿ ಹೇಳಿದರು.

ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ನಮ್ಮ ಪಟ್ಟಿಯನ್ನು ಬೆಂಗಳೂರಿನ ಒಂದು ಕಂಪನಿ ಕೈಗೆತ್ತಿಕೊಂಡಿತು. ನನ್ನನ್ನೂ ಮುಖ್ಯ ವಿಜ್ಞಾನಿಯೆಂದು ಸೇರಿಸಿಕೊಂಡಿತು. ಅದರ ಮುಖ್ಯಸ್ಥ ಶ್ರೀವತ್ಸ. ನಯವಾದ ಮಾತಿನ, ಯಾರ ಮಾತನ್ನೂ ನಡುವೆ ಕತ್ತರಿಸದ ಮನುಷ್ಯ. ಮೊದಲ ಸಭೆಯಲ್ಲೇ ಆತ ಪಟ್ಟಿಯನ್ನು ಮೇಜಿನ ಮೇಲಿಟ್ಟು ಹೇಳಿದ:

“ಡಾಕ್ಟ್ರೇ, ತುಂಬ ಚೆನ್ನಾಗಿದೆ. ಒಂದೇ ತೊಂದರೆ. ಇದನ್ನ ನೋಡೋದು ಅಡುಗೆಯವರು. ಕೆಂಪೋ ನೇರಳೆಯೋ ಅನ್ನೋದನ್ನ ಅವರ ಕಣ್ಣಿಗೆ ಬಿಡಕ್ಕಾಗತ್ತಾ? ನಾಳೆ ಒಬ್ಬಳು ಇದು ಕೆಂಪು ಅಂತಾಳೆ, ಇನ್ನೊಬ್ಬಳು ಅಲ್ಲ ಅಂತಾಳೆ. ಕಣ್ಣಿಗೆ ದಾಖಲೆ ಇಲ್ಲ.”

ಹೀಗೆ ಪೆಟ್ಟಿಗೆ ಬಂತು. ಪಟ್ಟಿಯನ್ನು ಒಂದು ಕಪ್ಪು ಪ್ಲಾಸ್ಟಿಕ್ ಬಿಲ್ಲೆಯೊಳಗೆ ಮುಚ್ಚಿ ಮೊಹರು ಮಾಡಿದೆವು. ಬಿಲ್ಲೆಯ ಬಾಯಿಗೆ ಸಾರು ಬಿಟ್ಟು ಪೆಟ್ಟಿಗೆಗೆ ಸಿಕ್ಕಿಸಿದರೆ, ಒಳಗಿನ ಬೆಳಕಿನ ಕಣ್ಣು ಬಣ್ಣವನ್ನು ಅಳೆದು ಹಸಿರು ದೀಪವನ್ನೋ ಕೆಂಪು ದೀಪವನ್ನೋ ಹಚ್ಚುತ್ತಿತ್ತು. ಎಷ್ಟು ಬ್ಯಾಕ್ಟೀರಿಯಾದಿಂದ ಮೇಲಕ್ಕೆ ಕೆಂಪು ದೀಪ ಎನ್ನುವ ಮಿತಿ ಪೆಟ್ಟಿಗೆಯೊಳಗಿನ ತಂತ್ರಾಂಶದಲ್ಲಿತ್ತು. ನಾನು ಅದನ್ನು ಚಮಚಕ್ಕೆ ನೂರು ಎಂದು ನಿಲ್ಲಿಸಿದ್ದೆ. ಬಳಸಿದ ಬಿಲ್ಲೆಯನ್ನು ಬಿಚ್ಚಬಾರದು, ಪೆಟ್ಟಿಗೆಯ ಕೆಳಗಿನ ಅರೆಯಲ್ಲಿ ಎರಡು ತಿಂಗಳು ಇಡಬೇಕು ಎಂದು ನಿಯಮವಾಯಿತು. ಬಣ್ಣ ಈಗ ಯಾರಿಗೂ ಕಾಣುತ್ತಿರಲಿಲ್ಲ. ನಾನು ವಿರೋಧಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಸಲ ತಕರಾರು ತೆಗೆದೆ. ಮೂರನೆಯ ಸಲ ಆ ಪೆಟ್ಟಿಗೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡೆ.

ಪೆಟ್ಟಿಗೆ ಬಂದ ಮೇಲೆ ಇನ್ನೊಂದು ಬದಲಾವಣೆಯೂ ಬಂತು, ನಾನು ಕನಸಿನಲ್ಲೂ ಎಣಿಸದ್ದು. ಪರೀಕ್ಷೆ ಇಷ್ಟು ಸುಲಭವಾದ ಮೇಲೆ ಊರೂರಿನ ಹಾಸ್ಟೆಲಿನಲ್ಲಿ ಒಲೆ ಯಾಕೆ ಎಂದು ಯಾರೋ ಕೇಳಿದರು. ಒಂದೇ ಕಡೆ ದೊಡ್ಡ ಅಡುಗೆಮನೆ ಕಟ್ಟಿಸಿ, ಗುತ್ತಿಗೆದಾರರಿಗೆ ಒಪ್ಪಿಸಿ, ಸುತ್ತಲಿನ ಹದಿನಾಲ್ಕು ಹಾಸ್ಟೆಲುಗಳಿಗೆ ವ್ಯಾನಿನಲ್ಲಿ ಊಟ ಕಳಿಸಲಾರಂಭಿಸಿದರು. ಸಿದ್ದನಕೊಪ್ಪ ಅಲ್ಲಿಂದ ಅರವತ್ತು ಕಿಲೋಮೀಟರು. ಎಂಟು ಗಂಟೆಗೆ ಕ್ಯಾನಿಗೆ ತುಂಬಿದ ಸಾರು ಊರೂರು ಸುತ್ತಿ ಹನ್ನೆರಡಕ್ಕೆ ತಲುಪುತ್ತಿತ್ತು. ಹೆದರಿಕೆ ಯಾಕೆ, ಪೆಟ್ಟಿಗೆ ಇದೆಯಲ್ಲ! ಫಕೀರವ್ವನ ಒಲೆ ಆರಿತು. ಆಕೆಯ ಹುದ್ದೆಯ ಹೆಸರು ‘ಪರೀಕ್ಷಾ ಸಹಾಯಕಿ’ ಎಂದಾಯಿತು. ಬಿಲ್ಲೆಗೆ ಸಾರು ಬಿಡುವುದು, ಗುಂಡಿ ಒತ್ತುವುದು, ಬಡಿಸುವುದು.

ಆಗಸ್ಟ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಶ್ರೀವತ್ಸನ ಫೋನು ಬಂತು. ನನ್ನ ಮಗಳು ಮೇದಿನಿ ದೋಸೆ ತಿನ್ನುತ್ತಿದ್ದಳು.

“ಸಿದ್ದನಕೊಪ್ಪದಲ್ಲಿ ಸ್ವಲ್ಪ ತೊಂದರೆ ಆಗಿದೆ ಡಾಕ್ಟ್ರೇ. ಮೂವತ್ತೆಂಟು ಹುಡುಗೀರು ಆಸ್ಪತ್ರೇಲಿದ್ದಾರೆ. ನಿನ್ನೆಯ ಮೊಟ್ಟೆ ಸಾರು ಅಂತಿದ್ದಾರೆ. ಪೆಟ್ಟಿಗೆ ಹಸಿರು ತೋರಿಸಿದೆ. ಹಾಗಾದ್ರೆ ತಪ್ಪು ಎಲ್ಲಾಗಿದೆ ಅಂತ ನಿಮಗೇ ಗೊತ್ತಾಗತ್ತಲ್ಲ. ಅಡುಗೆಯವಳು ಬಿಲ್ಲೆ ಬಿಚ್ಚಿದಾಳಂತೆ. ಬಿಲ್ಲೆ ಬಿಚ್ಚಿದ ಕೈಯಲ್ಲೇ ಬಡಿಸಿದಾಳೆ. ಬಳಸಿದವರ ತಪ್ಪು ಅಂತ ಒಂದು ವರದಿ ಬರೆದುಬಿಡಿ. ನಾಳೆ ಬೇಕು.”

ನಾನು ಫೋನಿಟ್ಟೆ. ಮೇದಿನಿ ತಟ್ಟೆಯಿಂದ ತಲೆಯೆತ್ತಿದಳು. ಟಿವಿಯಲ್ಲಿ ಸುದ್ದಿ ಬರುತ್ತಿತ್ತು: ಆಸ್ಪತ್ರೆಯ ವರಾಂಡದಲ್ಲಿ ಚಾಪೆಯ ಮೇಲೆ ಮಲಗಿದ ಹುಡುಗಿಯರು, ಗೋಡೆಯ ಮೊಳೆಗೆ ನೇತುಹಾಕಿದ ಸಲೈನ್ ಬಾಟಲಿಗಳು.

“ಅಮ್ಮಾ, ಆ ಪೆಟ್ಟಿಗಿ ನೀನ ಮಾಡಿದ್ದಲ್ಲಾ?”

ಆಕೆಗೆ ಹದಿಮೂರು. ಚಾಪೆಯ ಮೇಲಿದ್ದವರದೂ ಅದೇ ವಯಸ್ಸು. ನಾನು ಪ್ರಯೋಗಾಲಯದ ಕೀಲಿ ತೆಗೆದುಕೊಂಡು ಹೊರಟೆ.

ಅಲ್ಲಿ ಹೊಸದಾಗಿ ಬಂದ ಎರಡು ಪೆಟ್ಟಿಗೆಗಳಿದ್ದವು. ಹಾಸ್ಟೆಲುಗಳಿಗೆ ಹೋಗುವಂಥವೇ. ಸಾಲ್ಮೊನೆಲ್ಲಾವನ್ನು ಎಣಿಸಿ ಬೆರೆಸಿದ ಸಾರು ತಯಾರಿಸಿದೆ. ಚಮಚಕ್ಕೆ ನೂರು ಇದ್ದ ಸಾರು ಬಿಟ್ಟೆ: ಹಸಿರು. ಪಟ್ಟಿ ಕೆಟ್ಟಿರಬೇಕು ಅಂದುಕೊಂಡು ಇನ್ನೊಂದು ಬಿಲ್ಲೆ ತೆಗೆದುಕೊಂಡೆ. ಹಸಿರು. ಸಾವಿರಕ್ಕೂ ಹಸಿರು. ಹತ್ತು ಸಾವಿರ ಬಿಟ್ಟೆ. ಹಸಿರು! ಐವತ್ತು ಸಾವಿರಕ್ಕೆ ಕೆಂಪು ದೀಪ ಹತ್ತಿತು. ಆಗ ಹಿಂದಿನ ಬಿಲ್ಲೆಗಳನ್ನೆಲ್ಲ ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದೆ. ಒಳಗಿನ ಪಟ್ಟಿಗಳು ಮೊದಲಿನಷ್ಟೇ ಪ್ರಾಮಾಣಿಕವಾಗಿದ್ದವು. ನೂರಕ್ಕೇ ನೇರಳೆ. ಸಾವಿರಕ್ಕೆ ಕಡು ನೇರಳೆ. ಹತ್ತು ಸಾವಿರದ್ದು ಬದನೆಕಾಯಿಯ ಸಿಪ್ಪೆಯ ಹಾಗೆ ಹೊಳೆಯುತ್ತಿತ್ತು. ಚಿನ್ನ ಸತ್ಯವನ್ನೇ ಹೇಳುತ್ತಿತ್ತು. ಪೆಟ್ಟಿಗೆ ಅದರ ಬಾಯಿ ಮುಚ್ಚಿ ತಾನು ಮಾತಾಡುತ್ತಿತ್ತು.

ಕಂಪನಿಯ ಕಡತಗಳನ್ನು ಕಂಪ್ಯೂಟರಿನಲ್ಲಿ ತೆರೆದೆ. ಏಪ್ರಿಲಿನಲ್ಲಿ ‘ಅರಿಶಿನ ತಿದ್ದುಪಡಿ’ ಎಂಬ ಹೆಸರಿನಲ್ಲಿ ಮಿತಿಯನ್ನು ನೂರರಿಂದ ಐವತ್ತು ಸಾವಿರಕ್ಕೆ ಏರಿಸಿದ್ದರು. ಸಾರಿನ ಅರಿಶಿನದ ಬಣ್ಣ ಬೆಳಕಿನ ಕಣ್ಣನ್ನು ಗೊಂದಲಕ್ಕೆ ಕೆಡವಿ ಸುಳ್ಳು ಕೆಂಪು ದೀಪ ಹತ್ತುತ್ತದೆ ಎನ್ನುವುದು ಕಾರಣ. ಅಪ್ಪಟ ಸುಳ್ಳು. ಅರಿಶಿನವನ್ನು ತಡೆಯುವ ಸೋಸುಕಾಗದವನ್ನು ಪಟ್ಟಿಯ ತುದಿಗೆ ನಾನೇ ಜೋಡಿಸಿದ್ದೆ, ಅದಕ್ಕೆ ಎರಡು ವರ್ಷ ತೆತ್ತಿದ್ದೆ. ನಿಜವಾದ ಕಾರಣ ಅದರ ಹಿಂದಿನ ಪತ್ರಗಳಲ್ಲಿತ್ತು. ದೊಡ್ಡ ಅಡುಗೆಮನೆಯಿಂದ ಬಂದ ನೂರು ಕ್ಯಾನುಗಳಲ್ಲಿ ಹನ್ನೊಂದು ಕೆಂಪು ದೀಪಕ್ಕೆ ಸಿಕ್ಕಿ ವಾಪಸು ಹೋಗುತ್ತಿದ್ದವು. ಗುತ್ತಿಗೆದಾರರು ಸಿಟ್ಟಾಗಿದ್ದರು. ಅಡುಗೆಮನೆಯನ್ನು ಸ್ವಚ್ಛ ಮಾಡುವ ಬದಲು ದೀಪವನ್ನು ಹಸಿರು ಮಾಡಿದರು.

ತಿದ್ದುಪಡಿಯ ಕೆಳಗೆ ಮುಖ್ಯ ವಿಜ್ಞಾನಿಯ ಒಪ್ಪಿಗೆ ಇತ್ತು. ಡಾ. ಅನಸೂಯಾ ಕುಲಗೋಡ. ನನ್ನದೇ ರುಜು, ಯಾರೂ ಖೋಟಾ ಮಾಡಿದ್ದಲ್ಲ. ಆ ವಾರ ಇಪ್ಪತ್ತಾರು ಕಾಗದ ಬಂದಿದ್ದವು. ಇದು ಹದಿನೆಂಟನೆಯದು. ಶೀರ್ಷಿಕೆಯನ್ನಷ್ಟೇ ನೋಡಿ, ಅರಿಶಿನದ ವಿಷಯ ತಾನೇ ಎಂದು ರುಜು ಹಾಕಿದ್ದೆ.

ಸೋಮವಾರ ಶ್ರೀವತ್ಸ ತಾನೇ ಧಾರವಾಡಕ್ಕೆ ಬಂದ. ನಾನು ಆ ಕಾಗದವನ್ನು ಅವನ ಮುಂದೆ ಹಿಡಿದೆ.

“ಮಿತಿಯನ್ನ ಐನೂರು ಪಟ್ಟು ಏರಿಸಿದ್ದೀರಿ.”

“ಏರಿಸಿದ್ದೀವಿ,” ಎಂದ ಆತ. ಧ್ವನಿ ಏರಲಿಲ್ಲ. “ಮಿತಿ ಅನ್ನೋದು ಒಂದು ಒಪ್ಪಂದ ಡಾಕ್ಟ್ರೇ. ನೂರು ಅಂತ ನೀವಿಟ್ರಿ, ಐವತ್ತು ಸಾವಿರ ಅಂತ ನಾವಿಟ್ವಿ. ಆರೋಗ್ಯವಾಗಿರೋರು ಅಷ್ಟನ್ನ ತಡ್ಕೋತಾರೆ.”

“ಅವು ಹಾಸ್ಟೆಲ್ ಮಕ್ಕಳು. ರಕ್ತ ಇಲ್ಲದ ಮಕ್ಕಳು. ನಿಮ್ಮ ಮಗನಿಗೆ ತಿನ್ನಿಸ್ತೀರಾ ಆ ಸಾರು?”

“ಭಾವುಕರಾಗಬೇಡಿ. ನೀವು ವರದಿ ಬರೀರಿ. ಬರೆಯಲ್ಲ ಅಂದ್ರೂ ಸರಿ, ನಿಮ್ಮ ರುಜು ನಮ್ಮ ಹತ್ರ ಇದೆ. ವಿಚಾರಣೇಲಿ ಅದನ್ನ ತೋರಿಸಬೇಕಾಗತ್ತೆ.”

ಆತ ಹೋದ ಅರ್ಧ ಗಂಟೆಗೆ ಇಂದುಮತಿ ಮೇಡಂ ಫೋನು ಮಾಡಿದರು. ಎಂಟನೆಯ ತರಗತಿಯ ಶೀಲಾ ಲಮಾಣಿ ತೀರಿಕೊಂಡಿದ್ದಳು. ಭೇದಿಯಿಂದ ನಿತ್ರಾಣಳಾದ ಹುಡುಗಿಯ ರಕ್ತಕ್ಕೇ ಸೋಂಕು ಏರಿತ್ತು. ಮೇಡಂ ಇನ್ನೊಂದು ಮಾತು ಹೇಳುವುದಕ್ಕೆ ಬಹಳ ಹೊತ್ತು ತಡವರಿಸಿದರು. “ಫಕೀರವ್ವನ್ನ ಪೊಲೀಸರು ಒಯ್ದಾರ್ರೀ. ಕಂಪನಿಯವರು ಬರದ ಕೊಟ್ಟ ಅರ್ಜಿಗೆ ನಾ ರುಜು ಹಾಕೀನಿ. ನಾ ಏನ್ ಮಾಡ್ಲಿ, ನೀವ ಹೇಳ್ರಿ.”

ಆ ಕ್ಷಣ ನನಗೆ ಮೇಡಂ ಮೇಲೆ ಉಕ್ಕಿದ ಸಿಟ್ಟು ಎಂಥದೆಂದರೆ ಫೋನನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಓದದೆ ರುಜು ಹಾಕಿದವಳು ಹೆದರಿ ರುಜು ಹಾಕಿದವಳನ್ನು ಬಯ್ಯುವುದು ಯಾವ ಬಾಯಿಂದ?

ಫಕೀರವ್ವ ಜಾಮೀನಿನ ಮೇಲೆ ಹೊರಬಂದಳೆಂದು ಗೊತ್ತಾದ ದಿನ ಸಿದ್ದನಕೊಪ್ಪಕ್ಕೆ ಹೋದೆ. ತಳವಾರ ಓಣಿಯಲ್ಲಿ ತಗಡಿನ ಮುಂಚಾವಣಿಯ ಮನೆ. ಆಕೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿದಳು, ಮತ್ತೆ ಮೊರದ ಕಡೆ ತಿರುಗಿದಳು. ಕೂತುಕೋ ಎನ್ನಲಿಲ್ಲ. ಅಕ್ಕಾರ ಎಂದೂ ಅನ್ನಲಿಲ್ಲ.

“ಯಾಕ ಬಂದಿ?”

“ಅವತ್ತು ಏನಾತು ಅಂತ ಕೇಳಾಕ ಬಂದೀನಿ.”

“ಪೊಲೀಸರಿಗೆ ಹೇಳೀನಿ. ಅವ್ರು ಬರಕೊಳ್ಳಲಿಲ್ಲ. ನೀ ಬರಕೊಳ್ತಿಯೇನು?”

“ಬರಕೊಳ್ತೀನಿ,” ಎಂದು ಕೆಳಗೆ ನೆಲದ ಮೇಲೆ ಕೂತೆ. ಆಕೆ ಜೋಳದ ಮೊರವನ್ನು ಪಕ್ಕಕ್ಕಿಟ್ಟಳು.

“ಆ ಕರಿ ಬಿಲ್ಲಿ ಬಂದ ದಿವ್ಸದಿಂದ ನನಗ ಅದರ ಮ್ಯಾಲ ನಂಬಿಗಿ ಇಲ್ಲ. ಒಳಗ ಏನೈತಿ ಅಂತ ಕಾಣದ್ದು ನನ್ನ ಹುಡಿಗ್ಯಾರಿಗೆ ಹೆಂಗ ಉಣಿಸ್ಲಿ? ದಿನಾ ದೀಪ ನೋಡಿದ ಮ್ಯಾಲೆ ಈಳಿಗಿ ತುದೀಲೆ ಬಿಲ್ಲಿ ಬಿಚ್ಚಿ ನೋಡ್ತಿದ್ನಿ. ದೀಪ ಹಸರ ಇದ್ದಾಗ ಪಟ್ಟಿ ಕೆಂಪ ಇರ್ತಿತ್ತು. ಮಳಿಗಾಲ ಹತ್ತಿದ ಮ್ಯಾಲೆ ಎರಡು ಸರ್ತಿ ದೀಪ ಹಸರು, ಪಟ್ಟಿ ನೇರಳಿ. ಎರಡೂ ಸರ್ತಿ ಕಾಲು ಜಾರಿದವರಂಗ ಮಾಡಿ ಕ್ಯಾನ್ ಉಳ್ಳಿಸಿ ಚೆಲ್ಲಿಬಿಟ್ನಿ. ಬೈಗಳ ತಿಂದ್ನಿ. ಮೂರನೇದ್ದು ಆ ಶನಿವಾರ, ತತ್ತಿ ಸಾರು. ಪಟ್ಟಿ ನೋಡಿದ್ನಿ, ಕರ್ರಗಿನ ನೇರಳಿ. ಈ ಸರ್ತಿ ಕಳ್ಳತನ ಬ್ಯಾಡ, ಎಲ್ಲಾರಿಗೂ ತೋರಿಸ್ಬೇಕು ಅಂತ ಮೇಡಂ ಕೈಯಾಗ ಇಟ್ನಿ. ಬಡಸಬ್ಯಾಡ್ರಿ ಅಂದ್ನಿ.”

“ಮೇಡಂ ಏನಂದ್ರು?”

“ಕಂಪನಿಗೆ ಫೋನ್ ಹಚ್ಚಿದ್ರು. ದೀಪ ಏನ್ ತೋರಸೈತಿ ಅಂತ ಅವ್ರು ಕೇಳಿದ್ರಂತ, ಮೇಡಂ ಹಸರು ಅಂದ್ರಂತ, ಹಂಗಾದ್ರ ಬಡಸ್ರಿ, ಬಿಲ್ಲಿ ಬಿಚ್ಚಿದ್ದಕ್ಕ ಆಕಿಗೆ ನೋಟಿಸ್ ಕೊಡ್ರಿ ಅಂದ್ರಂತ. ಹಸರ ದೀಪದ ಊಟ ಚೆಲ್ಲಿದ್ರ ಮೇಡಂ ನೌಕರಿಗೆ ಕುತ್ತು. ನಾ ಕ್ಯಾನಿಗೆ ಅಡ್ಡ ನಿಂತ್ನಿ. ಉಣಬ್ಯಾಡ್ರವ್ವಾ, ಎದ್ದು ಹೋಗ್ರಿ ಅಂತ ಒದರಿದ್ನಿ. ಹಿಂದಿನ ಎರಡ ಸಾಲಿನ ಹುಡಿಗ್ಯಾರು ಎದ್ದು ಹೋದ್ರು. ನನ್ನ ಹೊರಗ ಹಾಕಿ ಬಾಗಿಲಾ ಹಾಕಿದ್ರು. ಹೊರಗ ಎಳಕೊಂಡು ಹೋಗುವಾಗ ನೋಡಿದ್ನಿ, ಶೀಲಾ ಮುಂದಿನ ಸಾಲಿನ್ಯಾಗ ಕುಂತಿದ್ಲು. ನನ್ನ ಮಾರಿ ನೋಡಿದ್ಲು. ಎದ್ದೇಳಬೇಕೋ ಬ್ಯಾಡೋ ಅಂತ ಮೇಡಂ ಮಾರಿ ನೋಡಿದ್ಲು. ಕುಂತಬಿಟ್ಲು.”

ಆಕೆ ನನ್ನ ಕಡೆ ಪೂರ್ತಿ ತಿರುಗಿದಳು.

“ನಾ ಬಿಲ್ಲಿ ಬಿಚ್ಚಿ ವಿಷಾ ಕಲಸೀನಂತ. ಠಾಣೇದಾಗ ಹಂಗ ಬರದಾರ. ಇಪ್ಪತ್ತೆರಡು ವರ್ಷ ಉಣಿಸೀನಿ ಆ ಹಾಸ್ಟೆಲಿಗೆ. ನೀ ಪಟ್ಟಿ ತಂದಾಗ ದೇವ್ರ ಬಂದಂಗಾತು ಅಂದ್ಕೊಂಡಿದ್ನಿ. ನಿನ್ನ ಪಟ್ಟಿ ನನ್ನ ಕಣ್ಣಿಗೆ ಕೊಟ್ಟಿದ್ದಿ. ಮತ್ತ ಯಾಕ ಕಸಗೊಂಡಿ? ನನ್ನ ಒಲಿ ಕಸಗೊಂಡ್ರು, ಸುಮ್ನಿದ್ನಿ. ಕಣ್ಣರ ಬಿಡಬೇಕಿತ್ತಲ್ಲಾ!”

ನಾನು ರುಜು ಹಾಕಿದ ಕಾಗದವನ್ನು ಚೀಲದಿಂದ ತೆಗೆದು, ಏನು ಬರೆದಿದೆ ಎಂದು ಓದಿ ಹೇಳಿದೆ. ಕೆಳಗಿನ ಹೆಸರು ನನ್ನದೆಂದು ತೋರಿಸಿದೆ. ಆಕೆ ಕೈ ಎತ್ತಿದಳು. ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಆ ಕೈಯಿಂದ ಕಾಗದವನ್ನು ಕಿತ್ತುಕೊಂಡು ನೋಡಿ ಮತ್ತೆ ನನ್ನ ಮಡಿಲಿಗೆ ಎಸೆದಳು.

“ಇದನ್ನ ನನ್ನ ಮುಂದ ಓದಿದ್ರ ಏನ್ ಬಂತು? ಎಲ್ಲಿ ಓದಬೇಕೋ ಅಲ್ಲಿ ಓದು.”

ಸರ್ಕಾರ ನೇಮಿಸಿದ ಸಮಿತಿಯ ವಿಚಾರಣೆ ಸೆಪ್ಟೆಂಬರ್ ಎರಡನೆಯ ವಾರ ನಡೆಯಿತು. ನಿವೃತ್ತ ನ್ಯಾಯಾಧೀಶೆಯೊಬ್ಬರು ಅಧ್ಯಕ್ಷರು, ಜೊತೆಗೆ ಇಬ್ಬರು ವೈದ್ಯರು. ಒಂದು ಕಡೆ ಶ್ರೀವತ್ಸ ಮತ್ತು ಮೂವರು ವಕೀಲರು, ಇನ್ನೊಂದು ಕಡೆ ಫಕೀರವ್ವ ಒಬ್ಬಳೇ, ಇಳಕಲ್ ಸೀರೆ ಉಟ್ಟು, ಕೈಕಟ್ಟಿ. ಕಂಪನಿಯ ವಕೀಲ ಒಂದು ಗಂಟೆ ಮಾತಾಡಿದ. ಬಿಲ್ಲೆ ಬಿಚ್ಚುವುದು ಅಪರಾಧ, ಓದುಬರಹ ಬಾರದ ಹೆಂಗಸು ಯಂತ್ರಕ್ಕಿಂತ ತನ್ನ ಕಣ್ಣು ದೊಡ್ಡದೆಂದುಕೊಂಡದ್ದೇ ಈ ದುರಂತದ ಮೂಲ ಎಂದ.

ನನ್ನ ಸರದಿ ಬಂದಾಗ ಮಿತಿಯ ವಿಷಯ ಹೇಳಿದೆ. ನನ್ನ ರುಜುವನ್ನು ನಾನೇ ತೋರಿಸಿದೆ, ಶ್ರೀವತ್ಸನಿಗೆ ಆ ಕಷ್ಟ ಕೊಡಲಿಲ್ಲ. ವಕೀಲ ಎದ್ದು, ಇವರೇ ಒಪ್ಪಿದ ಮಿತಿಯನ್ನು ಇವರೇ ಈಗ ಬಯ್ಯುತ್ತಿದ್ದಾರೆ, ಇವರ ಮಾತಿಗೆ ಬೆಲೆ ಏನು ಎಂದು ಕೇಳಿದ.

“ನನ್ನ ಮಾತಿಗೆ ಬೆಲೆ ಬೇಡ,” ಎಂದೆ. “ಅದೇ ಶನಿವಾರ ಅದೇ ಅಡುಗೆಮನೆಯಿಂದ ಹದಿನಾಲ್ಕು ಹಾಸ್ಟೆಲುಗಳಿಗೆ ಮೊಟ್ಟೆ ಸಾರು ಹೋಗಿದೆ. ಉಳಿದ ಹದಿಮೂರರಲ್ಲಿ ಯಾವ ಅಡುಗೆಯವಳೂ ಬಿಲ್ಲೆ ಬಿಚ್ಚಿಲ್ಲ. ಮೊಹರು ಹಾಗೇ ಇದೆ, ಪೆಟ್ಟಿಗೆಯ ಅರೆಯಲ್ಲಿದೆ. ಎಲ್ಲ ಹದಿಮೂರೂ ಹಸಿರು ತೋರಿಸಿದ್ದಾವೆ. ಚಿನ್ನದ ಬಣ್ಣ ಒಣಗಿದ ಮೇಲೆ ಬದಲಾಗೋದಿಲ್ಲ. ತರಿಸಿ. ನಿಮ್ಮ ಕೈಯಿಂದಲೇ ಬಿಚ್ಚಿ ನೋಡಿ.”

ವಕೀಲರು ಮೂವರೂ ಒಟ್ಟಿಗೆ ಎದ್ದು ನಿಂತರು. ಮೊಹರು ಒಡೆಯುವುದು ಕಂಪನಿಯ ಗುಟ್ಟನ್ನು ಒಡೆದ ಹಾಗೆ ಎಂದರು. ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮಗು ಸತ್ತಿದೆ. ಗುಟ್ಟಿನ ಮಾತು ಆಮೇಲೆ ಆಡೋಣ,” ಎಂದರು.

ಎರಡು ದಿನದ ನಂತರ ಹದಿಮೂರು ಬಿಲ್ಲೆಗಳು ಬಂದವು. ಬಿಳಿಯ ಬಟ್ಟೆ ಹಾಸಿದ ಮೇಜಿನ ಮೇಲೆ ಸಾಲಾಗಿ ಇಟ್ಟರು. ವೈದ್ಯರಲ್ಲೊಬ್ಬರು ಚಿಕ್ಕ ಚಾಕುವಿನಿಂದ ಮೊದಲನೆಯದನ್ನು ಬಿಚ್ಚಿದರು. ನೇರಳೆ. ಎರಡನೆಯದು ನೇರಳೆ. ಮೂರನೆಯದು ಕೆಂಪಾಗಿತ್ತು. ವ್ಯಾನಿನ ಹಾದಿಯಲ್ಲಿ ಮೊದಲ ಹಾಸ್ಟೆಲ್ ಅದು, ಅರ್ಧ ಗಂಟೆಯಲ್ಲೇ ಊಟ ತಲುಪಿತ್ತು. ಆಮೇಲೆ ನೇರಳೆ, ನೇರಳೆ, ನೇರಳೆ. ಕೊನೆಯ ಲೆಕ್ಕಕ್ಕೆ ಎರಡು ಕೆಂಪು, ಹನ್ನೊಂದು ನೇರಳೆ.

ಆ ಊಟದಲ್ಲಿ ಏನಾಗಿತ್ತೆಂದು ವೈದ್ಯರು ಸಭೆಗೆ ವಿವರಿಸಿದರು. ಬೇಯಿಸಿದ ಮೊಟ್ಟೆಗಳ ಸಿಪ್ಪೆಯನ್ನು ತೊಟ್ಟಿಯ ಒಂದೇ ನೀರಿನಲ್ಲಿ ಸುಲಿದಿದ್ದರು. ಹಸಿ ಮೊಟ್ಟೆಗಳನ್ನು ತೊಳೆದದ್ದೂ ಅದೇ ನೀರಿನಲ್ಲಿ. ಅಲ್ಲಿಂದ ಹತ್ತಿದ ಬ್ಯಾಕ್ಟೀರಿಯಾ ಉಗುರುಬೆಚ್ಚಗಿನ ಸಾರಿನಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಪಟ್ಟಾಗುತ್ತದೆ. ನಾಲ್ಕು ಗಂಟೆಯ ದಾರಿಯಲ್ಲಿ ಒಂದು ಇದ್ದದ್ದು ನಾಲ್ಕು ಸಾವಿರವಾಗುತ್ತದೆ. ಆ ದಿನ ಉಳಿದ ಹಾಸ್ಟೆಲುಗಳಲ್ಲೂ ನೂರಾರು ಮಕ್ಕಳು ಹೊಟ್ಟೆನೋವಿನಿಂದ ನರಳಿದ್ದರು. ಮಳೆಗಾಲದ ನೀರು ಎಂದು ಮಾತ್ರೆ ಕೊಟ್ಟು ಮಲಗಿಸಿದ್ದರು. ಪೆಟ್ಟಿಗೆ ಹಸಿರು ತೋರಿಸಿದ ಮೇಲೆ ಊಟದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಫಕೀರವ್ವ ತನ್ನ ಜಾಗದಿಂದ ಎದ್ದು ಮೇಜಿನ ಹತ್ತಿರ ಬಂದಳು. ಯಾರೂ ತಡೆಯಲಿಲ್ಲ. ಬಾಗಿ ಹನ್ನೊಂದೂ ಪಟ್ಟಿಗಳನ್ನು ಒಂದೊಂದಾಗಿ ನೋಡಿದಳು. ನಂತರ ಶ್ರೀವತ್ಸನ ಮುಂದೆ ಹೋಗಿ ನಿಂತಳು.

“ಏನಪಾ, ಇದಕ್ಕೆಲ್ಲಾ ನಾನ ವಿಷಾ ಕಲಸಿದ್ನೇನು? ಹದಿಮೂರು ಊರಿಗೆ ನಾನ ಹೋಗಿದ್ನೇನು?”

ಆತ ತನ್ನ ಫೋನನ್ನು ನೋಡುತ್ತ ಕೂತ.

ಇದಾದ ಮೇಲೆ ನ್ಯಾಯ ಸಿಕ್ಕಿತು ಎಂದು ನೀವು ಅಂದುಕೊಳ್ಳಬಹುದು. ಸಿಕ್ಕಿದ್ದೇನೆಂದರೆ: ಫಕೀರವ್ವನ ಮೇಲಿನ ಮೊಕದ್ದಮೆ ಬಿತ್ತು. ಶ್ರೀವತ್ಸ ರಾಜೀನಾಮೆ ಕೊಟ್ಟು ಇನ್ನೊಂದು ಕಂಪನಿ ಸೇರಿದ. ಮಿತಿಯನ್ನು ಮತ್ತೆ ನೂರಕ್ಕೆ ಇಳಿಸಿದರು. ನನ್ನನ್ನು ಕೆಲಸದಿಂದ ತೆಗೆದರು, ಅದು ಸರಿಯಾಗಿಯೇ ಇತ್ತು. ಆದರೆ ದೊಡ್ಡ ಅಡುಗೆಮನೆ ಹಾಗೇ ನಡೆಯಿತು, ವ್ಯಾನು ಹಾಗೇ ಓಡಿತು, ಕರಿ ಬಿಲ್ಲೆಯೂ ಕರಿಯದಾಗಿಯೇ ಉಳಿಯಿತು. ಫಕೀರವ್ವನನ್ನು ಕೆಲಸಕ್ಕೆ ವಾಪಸು ಕರೆದ ಪತ್ರದಲ್ಲಿ ಒಂದು ಷರತ್ತಿತ್ತು: ಇನ್ನು ಮುಂದೆ ಬಿಲ್ಲೆ ಬಿಚ್ಚಕೂಡದು.

ಆಕೆ ಕೆಲಸಕ್ಕೆ ಹೋದ ಮೊದಲ ದಿನ ನಡೆದದ್ದನ್ನು ಇಂದುಮತಿ ಮೇಡಂ ಆಮೇಲೆ ನನಗೆ ಹೇಳಿದರು. ಕ್ಯಾನು ಬಂತು, ದೀಪ ಹಸಿರಾಯಿತು. ಹುಡುಗಿಯರು ಸಾಲಾಗಿ ಕೂತರು. ನೂರಾ ಒಂಬತ್ತು ಜನ ತಾಟನ್ನು ಬೋರಲು ಹಾಕಿದರು. ಬಿಲ್ಲೆ ಬಿಚ್ಚಿ ತೋರಿಸುವವರೆಗೆ ಉಣ್ಣುವುದಿಲ್ಲ ಎಂದರು. ಬಿಚ್ಚಬಾರದೆಂದು ನಿಯಮ ಇದೆ ಎಂದು ಮೇಡಂ ಹೇಳಿದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, “ಮೇಡಂ, ಅವತ್ತೂ ನಿಯಮ ಇತ್ತು,” ಎಂದಳಂತೆ. ಆ ಕ್ಯಾನು ವಾಪಸು ಹೋಯಿತು. ಮರುದಿನವೂ ಹೋಯಿತು. ಊರಿನ ಹೆಂಗಸರು ಮನೆಮನೆಯಿಂದ ರೊಟ್ಟಿ ತಂದುಕೊಟ್ಟರು. ಮೂರನೆಯ ದಿನ ಇನ್ನೂ ನಾಲ್ಕು ಹಾಸ್ಟೆಲುಗಳಲ್ಲಿ ತಾಟು ಬೋರಲು ಬಿದ್ದವು. ಐದನೆಯ ದಿನ ಇಂದುಮತಿ ಮೇಡಂ ತಾವೇ ಈಳಿಗೆ ತರಿಸಿ, ಎಲ್ಲರೆದುರು ಬಿಲ್ಲೆ ಬಿಚ್ಚಿ, ಪಟ್ಟಿಯನ್ನು ಎತ್ತಿ ಹಿಡಿದರಂತೆ. ಗೆರೆ ಕೆಂಪಗಿತ್ತು ಎಂದರು.

ಆ ತಿಂಗಳ ಕೊನೆಗೆ ಆದೇಶ ಬಂತು. ಬಿಲ್ಲೆಯ ಮುಚ್ಚಳ ಪಾರದರ್ಶಕವಾಗಿರಬೇಕು. ಕಪ್ಪು ಪ್ಲಾಸ್ಟಿಕ್ಕಿನ ಬದಲು ಗಾಜಿನಂಥ ತಿಳಿ ಪ್ಲಾಸ್ಟಿಕ್ಕು. ಇಷ್ಟೇ ಬೇಕಾಗಿದ್ದದ್ದು. ಇಷ್ಟಕ್ಕೆ ಒಂದು ಹುಡುಗಿಯ ಜೀವ ಹೋಗಬೇಕಾಯಿತು ಎಂದು ನೆನೆದಾಗಲೆಲ್ಲ ನನಗೆ ಈಗಲೂ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ.

ಒಂದು ಕೆಲಸ ಬಾಕಿ ಇತ್ತು. ನವೆಂಬರಿನಲ್ಲಿ ಶೀಲಾಳ ತಾಂಡಾಕ್ಕೆ ಹೋದೆ. ಫಕೀರವ್ವ ಜೊತೆಗೆ ಬಂದಳು. ನನ್ನನ್ನು ಕ್ಷಮಿಸಿ ಬಂದವಳಲ್ಲ. “ನೀ ಒಬ್ಬಾಕಿ ಹೋದ್ರ ಅರ್ಧಾ ಹೇಳಿ ಬರ್ತಿ,” ಎಂದು ಬಂದವಳು. ಶೀಲಾಳ ತಾಯಿ ಸೋಮಲವ್ವ ಗುಡಿಸಿದ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ನಮಗೆ ಚಾಪೆ ಹಾಸಿ, ನೀರು ಕೊಟ್ಟು ಎದುರಿಗೆ ಕೂತಳು. ನಾನು ಎಲ್ಲವನ್ನೂ ಹೇಳಿದೆ: ಪಟ್ಟಿ, ಪೆಟ್ಟಿಗೆ, ಮಿತಿ, ಕೊನೆಗೆ ರುಜು. ಶೀರ್ಷಿಕೆಯನ್ನಷ್ಟೇ ನೋಡಿ ರುಜು ಹಾಕಿದೆ ಎಂದೆ.

ಸೋಮಲವ್ವ ಶೇಂಗಾದ ಸಿಪ್ಪೆಯನ್ನು ಮಡಿಲಿನಿಂದ ಕೊಡವಿದಳು.

“ನನ್ನ ಮಗಳು ಓದಾಕಂತ ಆ ಹಾಸ್ಟೆಲಿಗೆ ಹೋಗಿದ್ಲು,” ಎಂದಳು. “ಕಿರಾಣಿ ಸಾಮಾನು ಕಟ್ಟಿದ ಪೇಪರ್ ಸೈತ ಬಿಚ್ಚಿ ಓದತಿದ್ಲು. ನಮಗ ಓದು ಬರಂಗಿಲ್ಲ. ನೀ ಅಷ್ಟು ಓದಿದಾಕಿ.”

ತಲೆಯೆತ್ತಿ ನನ್ನನ್ನು ನೇರವಾಗಿ ನೋಡಿದಳು.

“ಓದಲಿಲ್ಲೇನು?”

“ಇಲ್ಲ,” ಎಂದೆ.

ಆಕೆ ಎದ್ದು ಒಳಗೆ ಹೋದಳು. ಫಕೀರವ್ವನೂ ಆಕೆಯ ಹಿಂದೆಯೇ ಒಳಗೆ ಹೋದಳು. ಚಾಪೆಯ ಮೇಲೆ ನಾನೊಬ್ಬಳೇ ಉಳಿದೆ.